ಅತ್ತೆಯ ಯೂನಿಟ್ಟುಗಳು

ಕರೆಂಟಿನ ದರ ಏರಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಮನೆಯಲ್ಲಿ ಏನಾದರೊಂದು ಆರುತ್ತಿತ್ತು. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ತಪ್ಪೊಪ್ಪಿಗೆಯಂತೆ ಹೇಳುತ್ತಿದ್ದೇನೆ. ಮೊದಲ ಸಲ ಏರಿದಾಗ ಬಚ್ಚಲಿನ ಬಲ್ಬು ಹೋಯಿತು. ಮತ್ತೊಮ್ಮೆ ಏರಿದಾಗ ಪಡಸಾಲೆಯ ಟ್ಯೂಬ್‌ಲೈಟು. ಹೆಚ್ಚು ಉರಿಸಿದಷ್ಟೂ ಒಂದೊಂದು ಯೂನಿಟ್ಟಿನ ದರವೂ ಹೆಚ್ಚುತ್ತದೆಂದು ತಿಳಿದ ವರ್ಷ ಮಧ್ಯಾಹ್ನದ ಫ್ಯಾನೇ ನಿಂತಿತು. ಬೇಸಿಗೆಯ ಬಸವಕಲ್ಯಾಣದಲ್ಲಿ ಮಧ್ಯಾಹ್ನದ ಫ್ಯಾನು ನಿಲ್ಲಿಸಲು ಎದೆಗಾರಿಕೆ ಬೇಕು. ನನಗೆ ಅದಿತ್ತು, ಏಕೆಂದರೆ ಆ ಹೊತ್ತಿಗೆ ನಾನು ಹುಮನಾಬಾದಿನ ಆಫೀಸಿನಲ್ಲಿ ಫ್ಯಾನಿನ ಕೆಳಗೇ ಕೂತಿರುತ್ತಿದ್ದೆ. ನಮ್ಮವರು ಅಂಗಡಿಯಲ್ಲಿ. ಮನೆಯಲ್ಲಿರುತ್ತಿದ್ದವರು ಅತ್ತೆ ಒಬ್ಬರೇ. ಸಂಜೆ ಬಸ್ಸಿಳಿದು ಬಂದವಳು ಮೊದಲು ಮೀಟರ್ ನೋಡುತ್ತಿದ್ದೆ, ಆಮೇಲೆ ಅತ್ತೆಯನ್ನು. ಅವರು ಮಧ್ಯಾಹ್ನದ ಊಟವಾದೊಡನೆ ಪಕ್ಕದ ಮನೆಯ ರಶೀದಾ ಖಾಲಾ ಹತ್ತಿರ ಹರಟೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಎಪ್ಪತ್ತು ದಾಟಿದ ಇಬ್ಬರ ಸ್ನೇಹ ಕಂಡು ನನಗೂ ಸಂತೋಷವಾಗಿತ್ತು.

ಹೀಗಿರಲು ಮನೆಗಳಿಗೆ ಕರೆಂಟು ಪುಕ್ಕಟೆಯಾಯಿತು. ಇಷ್ಟು ವರ್ಷದ ಉಳಿತಾಯಕ್ಕೆ ಯಾರಾದರೂ ಕರೆದು ಶಾಲು ಹೊದಿಸುತ್ತಾರೆಂದು ನಾನು ಕಾದೆ. ನೋಡಿದರೆ ನಮಗೆ ಸಿಕ್ಕ ಪುಕ್ಕಟೆ ಯೂನಿಟ್ಟು ಖಾಲಾ ಮನೆಯದರ ಅರ್ಧದಷ್ಟೂ ಇಲ್ಲ! ಮೀಟರ್ ಓದಲು ಬಂದವನನ್ನು ಬಾಗಿಲಲ್ಲೇ ಹಿಡಿದು ಜಗಳಕ್ಕೆ ನಿಂತೆ.

"ಹಿಂದ ಎಷ್ಟು ಹಚ್ಚೀರಿ ಅದರ ಸರಾಸರಿ ತಗೀತಾರ್ರಿ, ಮ್ಯಾಲ ಒಂದೀಟು ಸೇರಿಸಿ ಕೊಡ್ತಾರ. ನೀವು ಹಚ್ಚೇ ಇಲ್ಲಲ್ರಿ ಅಕ್ಕೋರೆ, ನಾ ಏನ್ ಮಾಡ್ಲಿ?" ಎಂದ.

ಗದ್ದಲ ಕೇಳಿ ಖಾಲಾ ಹೊರಗೆ ಬಂದರು. "ನಾರಾಜ್ ಆಗಬ್ಯಾಡ ಬೇಟಿ. ನನಗರೆ ಕೂಲರ್ ಗಾಳಿ ಆಗಂಗಿಲ್ಲ, ಮೊಣಕಾಲು ಹಿಡಿತಾವ. ದಿನಾ ಮಧ್ಯಾಹ್ನ ನಿಮ್ಮ ಅತ್ತಿ ಸಲುವಾಗಿ ಹಚ್ಚತೀನಿ. ಪಾಪ, ಬಂದ ಕೂಡ್ಲೇ ಮಲಗಿಬಿಡ್ತಾರ."

ಹಾಗಾದರೆ ಹರಟೆ? ನನ್ನ ಮೀಟರಿನಲ್ಲಿ ಓಡಬೇಕಾದದ್ದು ಇಷ್ಟು ವರ್ಷ ಪಕ್ಕದ ಮನೆಯಲ್ಲಿ ಓಡಿತ್ತು. ನಾನು ಉಳಿಸಿದೆನೆಂದುಕೊಂಡದ್ದನ್ನು ಖಾಲಾ ತೆತ್ತಿದ್ದರು, ಅದೂ ನನಗಿಂತ ಹೆಚ್ಚಿನ ದರದಲ್ಲಿ. ಮೀಟರಿನವನ ಎದುರಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಭಾನುವಾರ ಹೊಸ ಕೂಲರ್ ತಂದು, ನೀರು ತುಂಬಿ, ನಾನೇ ಹಾಸಿಗೆ ಹಾಸಿದೆ. "ಇಲ್ಲೇ ಮಲಗ್ರಿ ಅತ್ತಿ" ಎಂದೆ. ಮಲಗಿದರು. ಆದರೆ ಕಣ್ಣು ಮುಚ್ಚಲಿಲ್ಲ. ನಾನು ಹೋದ ಕಡೆಗೆಲ್ಲ ಅವರ ನೋಟ ಬರುತ್ತಿತ್ತು. ನೀರು ಕುಡಿಯಲೆಂದು ಎದ್ದು ಸ್ವಿಚ್ಚಿನ ಪಕ್ಕ ಹಾದೆ, ಅಷ್ಟೇ. ಅತ್ತೆ ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡರು.

"ಬಂದ್ ಮಾಡವ್ವ ನೀ. ನಾ ರಶೀದಾನ ಮನಿಗಿ ಹೋಗಿ ಬರ್ತೀನಿ."