ಎಮ್ಮೆಗಿಲ್ಲದ ಸೋಮವಾರ

ಸೂಜಿ ಎತ್ತಿನ ಕುತ್ತಿಗೆಗೆ ತಾಗುವಷ್ಟರಲ್ಲಿ ತಿಪ್ಪವ್ವ ಬಂದು ಮಾಲತೇಶನ ಕೈ ಹಿಡಿದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಹಿಡಿತ. ಸಿರಿಂಜು ಸಗಣಿಯಲ್ಲಿ ಬಿತ್ತು.

"ತಮ್ಮಾ, ಇವತ್ತು ಯಾವ ವಾರ?"

"ಸೋಮವಾರ ರೀ ಅಕ್ಕಾರ."

"ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗಾನೂ ಇಡಂಗಿಲ್ಲ. ನೀ ಕುತ್ತಿಗೀಗೆ ಸೂಜಿ ಹಿಡದೀಯಲ್ಲ, ನಿಮ್ಮ ಹಿರೇಕೆರೂರಾಗ ಸೋಮವಾರ ಬರಂಗಿಲ್ಲೇನು?"

ಬರುತ್ತಿತ್ತು. ಆದರೆ ಮಾಲತೇಶ ಹತ್ತಿ ವ್ಯಾಪಾರಿಯ ಮಗ. ಅವರ ಅಂಗಡಿಗೆ ಹತ್ತಿ ಬರುತ್ತಿತ್ತೇ ಹೊರತು ಎತ್ತು ಒಳಗೆ ಬರುತ್ತಿರಲಿಲ್ಲ. ವೈರಾಣುಗಳ ಹಿಂದೆ ಬಿದ್ದ ಮೇಲಂತೂ ಅವನಿಗೆ ಪ್ರಯೋಗಾಲಯ ತೆರೆದಿರುವ ದಿನ, ಮುಚ್ಚಿರುವ ದಿನ, ಇವೆರಡೇ ವಾರ.

ಸುತ್ತಲ ಹಳ್ಳಿಗಳಲ್ಲಿ ದನಗಳಿಗೆ ಗಂಟುರೋಗ ಎದ್ದಾಗ ಈ ಹತ್ತಿಮತ್ತೂರಿನವರು ಇವತ್ತು ನಾಳೆ ಎನ್ನುತ್ತ ಲಸಿಕೆ ಹಾಕಿಸದೆ ಕುಳಿತಿದ್ದರು. ತಿಪ್ಪವ್ವನ ಗಂಡ ಉಳಿವೆಪ್ಪನಂತೂ ದ್ಯಾಮವ್ವನ ಗುಡಿಯಲ್ಲಿ ನಿಂತು, ನನ್ನ ಎತ್ತಿಗೆ ಸೂಜಿ ಮುಟ್ಟಿಸುವುದಿಲ್ಲ, ಕಾಯುವವಳು ನೀನೇ ಎಂದು ಹರಕೆ ಹೊತ್ತ. ಕೊನೆಗೆ ಊರಿನ ದನಗಳ ಮೈಯೆಲ್ಲ ಗಂಟಾಯಿತು. ಉಳಿವೆಪ್ಪನ ಎತ್ತು ಮಾತ್ರ ಎಣ್ಣೆ ಹಚ್ಚಿದ ಕಂಬದಂತೆ ನುಣ್ಣಗೆ ನಿಂತಿತ್ತು.

ಲಸಿಕೆಯಿಲ್ಲದೆ ತಾನಾಗಿಯೇ ವೈರಾಣುವನ್ನು ತಡೆದ ಪ್ರಾಣಿ ಸಿಕ್ಕಿದೆ ಎಂದು ಮಾಲತೇಶ ತನ್ನ ನಿರ್ದೇಶಕರಿಗೆ ಮಾತು ಕೊಟ್ಟಿದ್ದ. ಅದರ ರಕ್ತ ನಾಳೆ ಮೇಜಿನ ಮೇಲಿರದಿದ್ದರೆ ಅವನ ಸಂಶೋಧನೆಗೆ ಬೀಗ.

"ಎಮ್ಮಿ ರಕ್ತ ತಗೊಳ್ರಿ ಡಾಕ್ಟ್ರ," ಎಂದ ಉಳಿವೆಪ್ಪ ಉದಾರವಾಗಿ. "ಎಮ್ಮಿಗೆ ಸೋಮವಾರ ಇಲ್ಲ."

ಮಾಲತೇಶ ಪಕ್ಕದ ಮನೆಯ ಹಜರತಅಲಿಯ ಕಡೆ ಆಸೆಯಿಂದ ನೋಡಿದ.

"ನನ್ನ ಯಾಕ ನೋಡ್ತೀರಿ? ಸೋಮವಾರ ನಾನೂ ಎತ್ತು ಹೂಡಂಗಿಲ್ಲ. ಹೊತ್ತು ಮುಳುಗೂತನಾ ಸುಮ್ನ ಕುಂಡ್ರಿ."

ಮಾಲತೇಶ ಕಟ್ಟೆಯ ಮೇಲೆ ಕುಳಿತ, ಆದರೆ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸೇರಿದವರಿಗೆ ವಿಜ್ಞಾನ ಹೇಳಿದ.

"ಈ ಎತ್ತಿನ ರಕ್ತದಾಗ ಕಾವಲುಗಾರರು ಅದಾರ. ಅವರು ಎಲ್ಲಿಂದ ಬಂದ್ರು, ಯಾರು ಕಳಿಸಿದ್ರು, ರಕ್ತ ಎಲ್ಲಾ ಹೇಳತೈತಿ."

ಯಾರು ಕಳಿಸಿದರೆಂಬುದು ಊರಿಗೆ ಆಗಲೇ ಗೊತ್ತಿತ್ತು. ಮಧ್ಯಾಹ್ನದೊಳಗೆ ಎತ್ತಿನ ಹಣೆಗೆ ಕುಂಕುಮ, ಕೊರಳಿಗೆ ಮಾಲೆ ಬಿದ್ದವು. ಅದೇ ಓಣಿಯ ಮಾದೇವಿ ಗಂಟೆದ್ದ ತನ್ನ ಆಕಳನ್ನು ತಂದು ಅದರ ಮೈಗೆ ಒರಗಿಸಿ ನಿಲ್ಲಿಸಿದಳು. ರಕ್ತ ಒಯ್ಯಲು ಮಾಲತೇಶ ತಂದಿದ್ದ ಡಬ್ಬಿಯಲ್ಲಿ ಐಸು ಕರಗಿತು. ಸೋಡಾ ಅಂಗಡಿಯಿಂದ ತಂದು ತುಂಬಿದ. ಕರಗಿದ ನೀರನ್ನು ಯಾರೋ ತಂಬಿಗೆಯಲ್ಲಿ ಒಯ್ದು ಭಕ್ತಿಯಿಂದ ಕರುವಿಗೆ ಚಿಮುಕಿಸಿದರು. ಸಂಜೆ ಉಳಿವೆಪ್ಪ ಎತ್ತನ್ನು ಹಲಗೆ ಬಾರಿಸುತ್ತ ದ್ಯಾಮವ್ವನ ಗುಡಿಗೆ ಹೊಡೆದುಕೊಂಡು ಹೋದ.

ಮನೆ ಖಾಲಿಯಾದದ್ದೇ ತಿಪ್ಪವ್ವ ಮಾಲತೇಶನನ್ನು ಹಿತ್ತಲಿಗೆ ಕರೆದಳು.

"ರಕ್ತ ಎಲ್ಲಾ ಹೇಳತೈತಿ ಅಂದೆಲ್ಲ, ಖರೇನ?"

"ಖರೇರಿ."

"ಹಂಗಾರ ಅದು ಹೇಳೂಕಿಂತ ಮೊದಲ ನಾನ ಹೇಳ್ತೇನಿ. ನಮ್ಮೂರಿಗೆ ರೋಗ ಬರೂಕಿಂತ ಮುಂಚೇನ ಸವಣೂರಿಂದ ದನದ ಡಾಕ್ಟ್ರನ್ನ ಕರಸಿ ಲಸಿಕಿ ಹಾಕಿಸೇನಿ. ದ್ಯಾಮವ್ವ ಒಬ್ಬಾಕಿ, ಎಷ್ಟಂತ ಕಾಯ್ತಾಳ? ನಮ್ಮನಿಯವರಿಗೆ ಗೊತ್ತಾದ್ರ ಹರಕಿ ಮುರದಿ ಅಂತ ಮನಿ ಬಿಟ್ಟು ಗುಡ್ಯಾಗ ಕುಂಡ್ರತಾರ. ಹೇಳಬ್ಯಾಡ, ನಿನಗ ಕೈ ಮುಗೀತೇನಿ."

ಮಾಲತೇಶ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಅವನ ಕಾವಲುಗಾರರು ಔಷಧದ ಬಾಟಲಿಯಿಂದ ಬಂದವರು. ಅಂಥ ರಕ್ತ ಯಾವ ಊರಿನಲ್ಲೂ ಸಿಗುತ್ತಿತ್ತು. ಚಪ್ಪಲಿಗೆ ಮೆತ್ತಿದ್ದ ಸಗಣಿಯನ್ನು ಕಲ್ಲಿಗೆ ಒರೆಸುತ್ತ ಕೇಳಿದ:

"ಯಾವ ವಾರ ಹಾಕಿಸಿದ್ರಿ?"

"ಸೋಮವಾರ. ಬ್ಯಾರೆ ದಿನ ಎತ್ತು ಮನ್ಯಾಗ ಎಲ್ಲಿರತೈತಿ?"

ಹಲಗೆಯ ಸದ್ದು ಅಂಗಳಕ್ಕೆ ಬಂತು. ಮಾಲತೇಶ ಹಿತ್ತಲಿಂದ ಎದ್ದು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಉಳಿವೆಪ್ಪ ಎತ್ತಿನ ಮಾಲೆ ಸರಿಸಿ, ಕುತ್ತಿಗೆಯನ್ನು ತಾನೇ ಹಿಡಿದು ಮುಂದೆ ಮಾಡಿದ. ಹಿಂದೆ ಇಡೀ ಓಣಿ ನಿಂತಿತ್ತು.

"ಸೋಮವಾರ ಮುಗೀತ್ರಿ ಡಾಕ್ಟ್ರ. ದ್ಯಾಮವ್ವ ಬಲಕ್ಕ ಹೂವ ಕೊಟ್ಟಾಳ. ಎಷ್ಟು ಬೇಕಷ್ಟು ತಗೊಳ್ರಿ, ಒಂದು ತಂಬಿಗಿ ತುಂಬ ತಗೊಳ್ರಿ."

ಬಾಗಿಲ ಸಂದಿಯಲ್ಲಿ ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

ಮಾಲತೇಶ ಐಸಿನ ಡಬ್ಬಿ ಎತ್ತಿ ಅದರ ನೀರನ್ನೆಲ್ಲ ಅಂಗಳಕ್ಕೆ ಸುರಿದ.

"ನನಗ ಬ್ಯಾಡ," ಎಂದ.