ಕೊನೇವರೆಗೂ ಕೇಳಿದವರು

ಮೈಕ್ ಸೆಟ್ ಬಾಡಿಗೆಗೆ ಕೊಡುವವರ ಬದುಕಿನಲ್ಲಿ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ಏನೂ ನಡೆಯದೆ ಮುಗಿದ ಮದುವೆ ಒಂದೂ ನನಗೆ ನೆನಪಿಲ್ಲ.

ಮಧುಗಿರಿಯಲ್ಲಿ ಬಟ್ಟೆ ಹೊಲಿದು ನಾನೇ ಸಂಪಾದಿಸಿ ಕೊಂಡ ಸೆಟ್ಟು ನನ್ನದು. ಹೆಂಗಸು ಮೈಕ್ ಕಟ್ಟುತ್ತಾಳಾ ಅಂತ ನಕ್ಕವರ ಮನೆ ಮದುವೆಗೂ ಹೋಗಿ ಕಟ್ಟಿದೆ. ಸ್ಕೂಲಿಗೆ ಹೋದವಳಲ್ಲ; ರೆಕಾರ್ಡಿನ ರಟ್ಟು ನೋಡಿ ನೋಡಿ ಅಕ್ಷರ ಕಲಿತೆ, ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಗಿಟಾರು, ಡ್ರಮ್ಮು ಬಾರಿಸುವ ಇಂಗ್ಲಿಷ್ ತಂಡಗಳ ರೆಕಾರ್ಡೆಂದರೆ ನನಗೆ ಪ್ರಾಣ. ಪ್ರತಿ ವರ್ಷ ಸಿಕ್ಕಿದವುಗಳಲ್ಲಿ ಇದು ಮೊದಲನೆಯದು, ಇದು ಎರಡನೆಯದು ಅಂತ ಮನಸ್ಸಿನಲ್ಲೇ ಆರಿಸಿಕೊಳ್ಳುತ್ತಿದ್ದೆ. ಆರಿಸಿ ಯಾರಿಗೆ ಹೇಳುವುದು? ಮನೆಯಲ್ಲಿ ನಾನೊಬ್ಬಳೇ. ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಒಂದು ರೆಕಾರ್ಡನ್ನು ಪೂರ್ತಿ ಕೇಳಲಿ ಅನ್ನುವುದೇ ನನ್ನ ದೊಡ್ಡ ಆಸೆಯಾಗಿತ್ತು.

ಮೈಕ್ ನಿಂತಿತು

ಮದುವೆಯಲ್ಲಿ ಮೊದಲು ದೇವರ ಹಾಡು, ಆಮೇಲೆ ಸಿನಿಮಾ ಹಾಡು, ನಡುವೆ ನನಗಿಷ್ಟವಾದ ಒಂದು ರೆಕಾರ್ಡು. ಈ ಷರತ್ತಿಗೆ ಒಪ್ಪದಿದ್ದರೆ ಸೆಟ್ಟು ಕೊಡುತ್ತಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಮಾತ್ರ ಓಲಗ ಕೇಳಿಸಲಿ ಅಂತ ಮೈಕ್ ನಿಲ್ಲಿಸಬೇಕು. ಚಪ್ಪರದ ಹಿಂದೆ ನಿಂತವರಿಗೆ ಮಂಟಪ ಕಾಣುವುದಿಲ್ಲ. ಮೈಕ್ ನಿಂತರೆ ಅಕ್ಷತೆ ಹಾಕಬೇಕು, ಅಷ್ಟೇ ಅವರ ಲೆಕ್ಕ.

ಹೊಳವನಹಳ್ಳಿಯ ಮದುವೆಯಲ್ಲಿ ಆ ವರ್ಷ ನಾನು ಆರಿಸಿದ ಮೊದಲನೇ ರೆಕಾರ್ಡು ಹಾಕಿದ್ದೆ. ಒಂದು ಮಗ್ಗುಲು ಮುಗಿಯಿತು. ತಿರುಗಿಸಿ ಹಾಕೋಣ ಅಂತ ಮುಳ್ಳು ಎತ್ತಿದೆ.

"ಮೈಕ್ ನಿಂತೋಯ್ತು, ಹಾಕ್ರಲೇ!" ಅಂತ ಹಿಂದಿನಿಂದ ಯಾರೋ ಕೂಗಿದರು. ಅಕ್ಷತೆ ಸುರಿಯಿತು. ಹುಡುಗಿ ಇನ್ನೂ ಒಳಗೆ ಸೀರೆ ಉಡುತ್ತಿದ್ದಳು. ಮಂಟಪದಲ್ಲಿ ಗಂಡಿನ ಮುಂದೆ ಬಗ್ಗಿ ಅವನ ಪೇಟ ಸರಿಮಾಡುತ್ತಿದ್ದವರು ಅವನ ಸೋದರಮಾವ.

ಗಂಡಿನ ತಂದೆ ನನ್ನ ಹತ್ತಿರ ಓಡಿಬಂದರು. "ಏನಮ್ಮಾ, ನನ್ ಮಗನಿಗೆ ನನ್ ಬಾಮೈದನ್ನೇ ಗಂಟು ಹಾಕ್ದಂಗೆ ಮಾಡ್ಬುಟ್ಟಲ್ಲ!"

"ತಪ್ಪಾಯ್ತು ಯಜಮಾನ್ರೆ. ಅದಿರ್ಲಿ, ಹಾಡು ಹೆಂಗಿತ್ತು?" ಅಂದೆ.

"ಯಾವ ಹಾಡು? ಅಡುಗೆ ಮನೇಲಿ ಪಾತ್ರೆ ಉರುಳ್ತಿತ್ತಲ್ಲ, ಅದಾ?"

ಹುಲಿಕುಂಟೆಯ ವರ

ಒಂಟಿಯಾಗಿರಬೇಡ ಅಂತ ಪಕ್ಕದ ಮನೆ ಅಕ್ಕ ಹುಲಿಕುಂಟೆಯಿಂದ ಒಬ್ಬ ವಿಧುರನನ್ನು ಕರೆಸಿದಳು. ಶುಭ್ರವಾದ ಪಂಚೆ, ಮೃದುವಾದ ಮಾತು. "ಉಪ್ಪಿಟ್ಟು ಆಮೇಲೆ. ಮೊದಲು ಇದನ್ನ ಕೇಳಿ," ಅಂತ ರೆಕಾರ್ಡು ಹಾಕಿದೆ.

ಮನುಷ್ಯ ಕಣ್ಣು ಮುಚ್ಚಿ ಕೂತ. ಡ್ರಮ್ಮು ಜೋರಾದಾಗ ಒಮ್ಮೆ ತಲೆದೂಗಿದ. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಅಂದುಕೊಂಡೆ. ಉಪ್ಪಿಟ್ಟಿಗೆ ತುಪ್ಪ ಜಾಸ್ತಿಯೇ ಹಾಕಿದೆ.

ರೆಕಾರ್ಡು ಮುಗಿದು ಮನೆ ನಿಶ್ಶಬ್ದವಾಯಿತು. ಆತ ಬೆಚ್ಚಿಬಿದ್ದು ಕಣ್ಣು ಬಿಟ್ಟ. "ಏನಾಯ್ತು? ಕರೆಂಟ್ ಹೋಯ್ತಾ?"

"ಕರೆಂಟೂ ಇದೆ, ಶಿರಾ ಬಸ್ಸೂ ಇದೆ. ಹೊರಡಿ," ಅಂದೆ.

ಆ ಉಪ್ಪಿಟ್ಟನ್ನು ಎರಡು ಹೊತ್ತು ನಾನೇ ತಿಂದೆ.

ಬಿಂದಿಗೆ ಕೊಟ್ಟ ತಾತ

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಶಿರಾದಲ್ಲಿ ಹಳೇ ಸಾಮಾನಿನ ಅಂಗಡಿಯ ಸಾಹೇಬರು, ದುಬೈಯಿಂದ ಭಾಮೈದ ತಂದದ್ದು ಅಂತ ಒಂದು ಕ್ಯಾಸೆಟ್ಟು ಕೊಟ್ಟರು. "ಬೆಹನ್, ಇದು ಗಾನಾ ಅಲ್ಲ, ಬರೀ ಮಾತು. ಬೇಡ ಅಂತ ಮಾತ್ರ ವಾಪಸ್ ತರಬೇಡಿ."

ನಿಜ, ಕ್ಯಾಸೆಟ್ಟಿನಲ್ಲಿದ್ದಾತ ಹಾಡುತ್ತಿರಲಿಲ್ಲ. ನಲ್ಲಿ ಹತ್ತಿರ ಜಗಳಕ್ಕೆ ನಿಂತವರ ಹಾಗೆ ಒಂದೇ ಸಮನೆ ಮಾತಾಡುತ್ತಿದ್ದ; ಆದರೆ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಒಂದು ಪದವೂ ಅರ್ಥವಾಗಲಿಲ್ಲ. ಕೇಳುವವರಿಲ್ಲದೆ ಗೋಡೆಗೆ ಹೇಳಿ ಹೇಳಿ ಅಭ್ಯಾಸವಾದ ದನಿ ಅನ್ನಿಸಿತು. ಆ ವರ್ಷ ಅದೇ ಮೊದಲನೆಯದು; ಬೇರೆ ಯಾವುದನ್ನೂ ಎರಡನೆಯದು ಅಂತ ಕೂಡ ಆರಿಸಲಿಲ್ಲ.

ಪಾವಗಡದಾಚೆ, ತಿರುಮಣಿ ಕಡೆಯ ಒಂದು ಮದುವೆ. ಅಲ್ಲಿ ಮುಯ್ಯಿ ಕೊಟ್ಟವರ ಹೆಸರನ್ನೂ ಅವರು ಕೊಟ್ಟ ವಸ್ತುವನ್ನೂ ಮೈಕಿನಲ್ಲಿ ಓದಿ ಹೇಳುತ್ತಾರೆ. ಓದುವವನು ಊಟಕ್ಕೆ ಎದ್ದುಹೋದ. ಚಪ್ಪರ ಖಾಲಿಯಾಯಿತು. ನಾನು ಕ್ಯಾಸೆಟ್ಟು ಹಾಕಿದೆ.

ಅದು ಸ್ವಲ್ಪ ಓಡಿದ ಮೇಲೆ ಕುರಿ ಕಾಯುವ ತಾತನೊಬ್ಬ ಬಂದು, ಕಂಬಳಿ ಹಾಸಿ ನನ್ನೆದುರು ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಕಿವಿಗೆ ಕೈ ಕೊಟ್ಟು ಕೇಳಿದ. ನಾನು ಕ್ಯಾಸೆಟ್ಟು ತಿರುಗಿಸಿ ಹಾಕಿದೆ, ಅದನ್ನೂ ಕೇಳಿದ. ಕೊನೇವರೆಗೂ ಕೇಳಿದ! ನನ್ನ ಕಣ್ಣು ತುಂಬಿ ಬಂತು.

"ಹೆಂಗಿತ್ತು ತಾತ?"

"ಬಾಗಾ ಚದುವುತಾಡಮ್ಮಾ! ಚೆನ್ನಾಗಿ ಓದ್ತಾನೆ. ಉಸುರೇ ತಗೊಳಲ್ಲ. ಅನಂತಪುರದ ಕಡೆಯೋನಾ? ನಮ್ಮೂರೋರ ಹೆಸರು ಒಂಚೂರು ಬ್ಯಾರೆ ಥರ ಹೇಳ್ತಾನೆ. ನಾನು ಹಿತ್ತಾಳೆ ಬಿಂದಿಗೆ ಕೊಟ್ಟಿವ್ನಿ, ಅದ್ಯಾವಾಗ ಓದ್ತಾನೆ?"

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. "ತಾತ, ಇದು ಮುಯ್ಯಿ ಓದೋದಲ್ಲ. ಹಾಡು."

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಂಗೇ ಹೇಳ್ತೀಯಾ? ಎಷ್ಟು ಮದುವೆ ನೋಡಿವ್ನಿ! ನಾನು ಬರಕ್ಕೆ ಮುಂಚೇನೇ ನನ್ ಬಿಂದಿಗೆ ಓದ್ಬುಟ್ಟವ್ನೆ, ಅಷ್ಟೇ. ಮೊದಲಿಂದ ಹಾಕಮ್ಮಾ, ಕೇಳೇ ಹೋಯ್ತೀನಿ."

ಮೊದಲಿಂದ ಹಾಕಿದೆ. ನಾನೂ ಹೋಗಿ ಕಂಬಳಿಯ ಮೇಲೆ ಕೂತೆ. ತಾತ ನನ್ನನ್ನು ಮೊಣಕೈಯಿಂದ ತಿವಿದು ಹೇಳಿದ, "ಮಾತಾಡ್ಬ್ಯಾಡ. ಈಗ ಬತ್ತದೆ."