ಪತ್ರಿ ಅಂದರೆ ಪತ್ರವಲ್ಲ

ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಹಾಕಿ ಕೇರುತ್ತಿದ್ದೆ. ಈ ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವಾದರೆ ಸಿಪ್ಪೆ ನೇರ ಗಂಟಲಿಗೆ ಹೋಗುತ್ತದೆ. ಪಕ್ಕದ ಸ್ಟೂಲಿನ ಮೇಲಿದ್ದ ಮೊಬೈಲು ಟಿಣ್ ಅಂದಿತು. ನಮ್ಮ ‘ಹಿತ್ತಲ ಗೆಳತಿಯರು’ ವಾಟ್ಸಾಪ್ ಗುಂಪಿಗೆ ಹಿರಿಯಳಾದ ಬಾದಾಮಿಯ ಗಿರಿಜಕ್ಕನ ಧ್ವನಿಸಂದೇಶ. ಗಿಡ, ಬೀಜ, ಗೊಬ್ಬರದ ಮಾತಿರಬಹುದೆಂದು ಕಿರುಬೆರಳಿನಿಂದ ಒತ್ತಿದೆ.

“ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರೆವಾ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕ ಜೀವಂತ ಗಿಡ ಕಳಸಾಕ ಕಾಯ್ದೆ ಅದಾವಂತ. ಕೆಲವಕ್ಕ ಸರ್ಟಿಫಿಕೇಟ್ ಬೇಕಂತ. ಒಳಗ ಗಿಡ ಇಟ್ಟು ಮ್ಯಾಲೆ ಬ್ಯಾರೆ ಏನರ ಬರದು ಕಳಿಸಿದ್ರಂತೂ ಕಳಿಸಿದವ್ರ ಮ್ಯಾಲೆ ಕೇಸ್ ಆಗತೈತಂತ. ನಮ್ಮ ಗುಂಪಿನ್ಯಾಗ ಅಂಥವ್ರು ಯಾರೂ ಇಲ್ಲ ಬಿಡ್ರಿ.”

ನಾನು ಬಾಯಿ ತೆರೆದೆ. ಸಿಪ್ಪೆ ಒಳಗೆ ಹೋಯಿತು.

ನಾನು ಹುಟ್ಟಾ ಅಂಜುಬುರುಕಿ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಕ್ಕರಿನ ಮೂರನೆಯ ಸೀಟಿಗೆ ಅಂಜುತ್ತೇನೆ. ಬ್ಯಾಂಕಿನಿಂದ ಬರುವ ಹಬ್ಬದ ಶುಭಾಶಯಕ್ಕೂ ಅಂಜುತ್ತೇನೆ. ಬಸ್ಸಿನಲ್ಲಿ ಟಿಕೆಟ್ ಮುಷ್ಟಿಯಲ್ಲೇ ಇದ್ದರೂ ಚೆಕ್ಕಿಂಗಿನವರು ಹತ್ತಿದರೆ ನನ್ನ ಮುಖ ಟಿಕೆಟ್ ಇಲ್ಲದವಳ ಮುಖ ಆಗುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಹಿಂದಿನ ದಿನ ಬಸವಣ್ಣ ಪಾರುಮಾಡಿದ ಸಣ್ಣಸಣ್ಣ ಸಂಗತಿಗಳನ್ನು ಬೆರಳಲ್ಲಿ ಎಣಿಸುತ್ತೇನೆ. ಹಾಲು ಉಕ್ಕುವ ಮೊದಲೇ ನೋಡಿದೆ, ಒಂದು. ನಲ್ಲಿ ನೀರು ಹೇಳಿದ ದಿನವೇ ಬಂತು, ಎರಡು. ಹೀಗೆ ಎಣಿಸಿದರೆ ಅಂಜಿಕೆ ಸ್ವಲ್ಪ ಇಳಿಯುತ್ತದೆ. ಆದರೆ ಗಿರಿಜಕ್ಕನ ಸಂದೇಶ ಕೇಳಿದಾಗ ಎಣಿಸಲು ಒಂದೂ ಹೊಳೆಯಲಿಲ್ಲ. ಯಾಕೆಂದರೆ ಸರಿಯಾಗಿ ಮೂರು ದಿನದ ಹಿಂದೆ ನಾನು ಇಳಕಲ್ಲಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಒಂದು ಗಿಡ ಕಳಿಸಿದ್ದೆ.

ನಮ್ಮ ಹಿತ್ತಲು ದೊಡ್ಡದೇನಲ್ಲ. ಅತ್ತೆಯವರು ಶಿವಪೂಜೆಗೆಂದು ನೆಟ್ಟ ಒಂದು ಪತ್ರಿಗಿಡ ಅಂದರೆ ಬಿಲ್ವ, ಎರಡು ದಾಸವಾಳ, ಬಚ್ಚಲ ನೀರು ಕುಡಿದು ಕೊಬ್ಬಿದ ಬಾಳೆ. ಈ ಬಾಳೆಯ ಮೇಲೆ ನನಗೆ ಜೀವ. ಆರೇಳು ವರ್ಷದ ಹಿಂದೆ ಸೊಲ್ಲಾಪುರಕ್ಕೆ ಸಿದ್ಧರಾಮೇಶ್ವರನ ದರ್ಶನಕ್ಕೆ ಹೋದಾಗ, ಉಳಿದುಕೊಂಡಿದ್ದ ಮನೆಯವರು ತಮ್ಮ ಬಾಳೆಯ ಬುಡದಿಂದ ಕಿತ್ತು ಕೊಟ್ಟ ಕಂದು ಅದು. ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಎರಡು ಸಲ ಹಾದುಹೋದವನು ಮೂರನೆಯ ಸಲ ನಿಂತು, “ಕೂಸು ಭಾಳ ಶಾಣ್ಯಾ ಐತಿ ನೋಡ್ರಿ, ಒಟ್ಟ ಅಳಾಂಗಿಲ್ಲ” ಅಂದ. ಲಗೇಜಿನ ಪ್ರಶ್ನೆ ಎದ್ದೀತೆಂದು ನಾನು ಸೆರಗು ಇನ್ನಷ್ಟು ಮುಚ್ಚಿ ಮೆಲ್ಲಗೆ ತಟ್ಟಿದೆ. ಅದರ ಕಂದುಗಳನ್ನು ಈಗ ನಮ್ಮ ಓಣಿಯ ಅರ್ಧ ಜನಕ್ಕೆ ಹಂಚಿದ್ದೇನೆ, ಬಾದಾಮಿಯ ಗಿರಿಜಕ್ಕನಿಗೂ ಒಂದು ಕೊಟ್ಟಿದ್ದೇನೆ. ಇರಲಿ, ಮಾತು ಪತ್ರಿಯದು.

ನಮ್ಮ ಗುಂಪಿನಲ್ಲಿ ಶಕುಂತಲಾಬಾಯಿ ಅಂತ ಒಬ್ಬರಿದ್ದಾರೆ. ಹುನಗುಂದದಲ್ಲಿ ಹುಟ್ಟಿ, ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವರು. ಮುಖ ನೋಡಿಲ್ಲ, ಫೋಟೋದ ಜಾಗದಲ್ಲಿ ಕೆಂಪು ದಾಸವಾಳವಿದೆ, ನನ್ನ ಮಟ್ಟಿಗೆ ಅದೇ ಅವರ ಮುಖ. “ಇಲ್ಲೆ ಪ್ಯಾಟ್ಯಾಗ ಪತ್ರಿ ಸಿಗತಾವ್ರಿ ಅಕ್ಕಾ, ಆದ್ರ ಒಣಗಿ ಹಪ್ಪಳ ಆಗಿರ್ತಾವು. ನಮ್ಮ ಕಡೆ ಮಣ್ಣು ಹತ್ತಿದ್ದು ಒಂದು ಸಸಿ ಇದ್ರ ಶಿವರಾತ್ರಿಗೆ ಕಣ್ತುಂಬ ನೋಡತಿದ್ದೆ” ಅಂದರು. ನಮ್ಮ ಪತ್ರಿಯ ಬುಡದಲ್ಲಿ ತಾನೇ ಹುಟ್ಟಿದ ಸಸಿ ಇದ್ದವು. ಗೇಣುದ್ದದ ಒಂದನ್ನು ಮಣ್ಣು ಸಮೇತ ಕಿತ್ತು, ಒದ್ದೆ ಬಟ್ಟೆ ಸುತ್ತಿ, ಸೀರೆಯ ರಟ್ಟಿನ ಡಬ್ಬಿಯಲ್ಲಿಟ್ಟೆ.

ಬಸ್ ನಿಲ್ದಾಣದ ಹತ್ತಿರ ಮೆಹಬೂಬಸಾಹೇಬರ ಕೊರಿಯರ್ ಅಂಗಡಿ. ಊರಿನ ಸೀರೆಗಳು ಅಲ್ಲಿಂದಲೇ ಲೋಕ ನೋಡಲು ಹೋಗುತ್ತವೆ. ಸಾಹೇಬರು ಕಂಪ್ಯೂಟರಿನಿಂದ ಕಣ್ಣು ಎತ್ತದೆ, “ಒಳಗ ಏನೈತ್ರಿ ಅಕ್ಕಾರ?” ಅಂದರು. “ಪತ್ರಿ ಐತ್ರಿ” ಅಂದೆ. “ಕಳಸೋರ ಹೆಸರು?” ಇಲ್ಲಿ ನನ್ನ ತೊಡಕು ಶುರುವಾಯಿತು. ನಮ್ಮ ಮನೆಯ ಗ್ಯಾಸು, ಲೈಟ್ ಬಿಲ್ಲು, ಪಂಚಾಂಗ ಕೊಡುವವರ ಯಾದಿ, ಎಲ್ಲದರಲ್ಲೂ ನಮ್ಮ ಮನೆಯವರ ಹೆಸರೇ ಇರುವುದರಿಂದ, ಕಳಿಸುವವರು ಅಂದರೂ ಅವರೇ ಎಂಬುದು ನನ್ನ ತಿಳುವಳಿಕೆ. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಇಂಥ ಹೊತ್ತಿಗೆಂದೇ ಪರ್ಸಿನಲ್ಲಿ ಅವರಿಗೆ ಬಂದ ಹಳೆಯ ಲಕೋಟೆಯ ಚೂರೊಂದು ಇಟ್ಟುಕೊಂಡಿರುತ್ತೇನೆ. ಕೊಟ್ಟೆ. ಅದರಲ್ಲಿ ಹೆಸರಿನ ಕೆಳಗೆ ‘ಮುಖ್ಯೋಪಾಧ್ಯಾಯರು, ಸರಕಾರಿ ಪ್ರೌಢಶಾಲೆ’ ಎಂದೂ ಇತ್ತು. ಸಾಹೇಬರು ಅಷ್ಟನ್ನೂ ಇಳಿಸಿಕೊಂಡು ರಸೀದಿ ಕೊಟ್ಟರು. ಓದುವ ಕನ್ನಡಕ, ನಮ್ಮ ಚಾಳೀಸು, ಮನೆಯಲ್ಲಿತ್ತು, ಓದದೆ ಪರ್ಸಿಗೆ ಹಾಕಿದೆ.

ಈಗ ಶೇಂಗಾ ಬಿಟ್ಟು, ಚಾಳೀಸು ಹಾಕಿಕೊಂಡು ರಸೀದಿ ತೆಗೆದೆ. ‘ಒಳಗಿನ ವಸ್ತು: ಪತ್ರ’ ಎಂದಿತ್ತು.

ಒಂದು ಗುಡಿಸು ಬಿಟ್ಟುಹೋಗಿತ್ತು. ಅಷ್ಟೇ. ಆದರೆ ಅಂಜುಬುರುಕಿಯ ತಲೆ ಗುಡಿಸಿಗೇ ನಿಲ್ಲುತ್ತದೆಯೇ? ಪತ್ರಿ ಹೋಗಿ ಪತ್ರವಾಯಿತು, ಪತ್ರ ಹೋಗಿ ಪ್ರಶ್ನೆಪತ್ರಿಕೆಯಾಯಿತು. ಮುಂದಿನ ತಿಂಗಳು ಹತ್ತನೆಯ ತರಗತಿಯ ಪರೀಕ್ಷೆ. ಹೆಡ್‌ಮಾಸ್ತರರ ಹೆಸರಿನಲ್ಲಿ, ಬಾಯಿ ಅಂಟಿಸಿದ ಡಬ್ಬಿ, ‘ಪತ್ರ’ ಎಂಬ ಚೀಟಿ ಹೊತ್ತು ಗಡಿ ದಾಟುತ್ತಿದೆ. ಟಿವಿಯ ಕೆಳಗಡೆ ಕೆಂಪು ಪಟ್ಟಿಯಲ್ಲಿ ಅವರ ಹೆಸರು ಓಡುವುದು ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷದ ನೌಕರಿಯಲ್ಲಿ ಒಂದೂ ನೋಟೀಸು ಬರದ ಮನುಷ್ಯ, ನಿವೃತ್ತಿಗೆ ಇನ್ನೆರಡೇ ವರ್ಷ, ಸಾಲೆಯ ಸೀಮೆಸುಣ್ಣದ ತುಂಡನ್ನೂ ಮನೆಗೆ ತಂದವರಲ್ಲ. ಅವರಿಗೆ ನಾನು, ಹೆಸರು ಕೂಡ ಬಾಯಿಂದ ಹೇಳದವಳು, ಕೇಸು ತಂದಿಟ್ಟೆನಲ್ಲ. ಶಕುಂತಲಾಬಾಯಿಗೆ ಫೋನು ಹಚ್ಚಿದೆ. “ಇನ್ನಾ ಬಂದಿಲ್ಲ ನೋಡ್ರಿ ಅಕ್ಕಾ. ನಾ ಕುಂಡದಾಗ ಮಣ್ಣು ತುಂಬಿ, ವಿಭೂತಿ ಹಚ್ಚಿ ದಾರಿ ಕಾಯಾಕ ಹತ್ತೀನಿ” ಅಂದರು. ಎರಡು ದಿನದ ದಾರಿಗೆ ಮೂರು ದಿನ. ಹಾಗಾದರೆ ಹಿಡಿದಿದ್ದಾರೆ ಎಂದೇ ತೀರ್ಮಾನಿಸಿದೆ.

ಕೈಯ ಸಿಪ್ಪೆಯನ್ನೂ ಝಾಡಿಸದೆ ಮೆಹಬೂಬಸಾಹೇಬರ ಅಂಗಡಿಗೆ ನಡೆದೆ.

“ಸಾಹೇಬ್ರ, ನಾ ಪತ್ರಿ ಅಂದ್ರ ನೀವು ಪತ್ರ ಅಂತ ಬರದೀರಿ.”

“ಪತ್ರೀನ್ರಿ?” ಅವರು ಕನ್ನಡಕ ಮೇಲೇರಿಸಿದರು. “ಪೂಜಿ ಪತ್ರಿ? ಅದು ಗೊತ್ತಿಲ್ಲೇನ್ರಿ ನಮಗ. ನಮ್ಮ ಅಂಗಡಿ ಮುಂದನ ಮಾರತಾರ. ಆದ್ರ ಹೆಡ್‌ಮಾಸ್ತರ ಅಂತ ನೋಡಿ, ಸಾಲಿ ಪತ್ರ ಇರಬೇಕು ಅನ್ಕೊಂಡೆ. ಹೋಗ್ಲಿ ಬಿಡ್ರಿ, ಎಲಿ ತಾನ?”

“ಎಲಿ ಅಲ್ರಿ. ಗಿಡ.”

“ಗಿಡ ಅಂದ್ರ?”

“ಬೇರು, ಮಣ್ಣು ಎಲ್ಲಾ ಐತ್ರಿ.”

ಸಾಹೇಬರು ಎದ್ದು ಫ್ಯಾನು ಹಚ್ಚಿದರು. ಫ್ಯಾನು ಮೊದಲೇ ತಿರುಗುತ್ತಿತ್ತು. ಹಚ್ಚಲು ಹೋಗಿ ಆರಿಸಿದ್ದರು. “ಅಕ್ಕಾರ, ಕಂಪನಿಯವ್ರು ಜೀವ ಇರೂ ವಸ್ತು ತಗೋಬ್ಯಾಡ್ರಿ ಅಂತ ಬೋರ್ಡ್ ಕೊಟ್ಟಾರ. ಅಗೋ ಅಲ್ಲೆ ನಿಮ್ಮ ತಲಿ ಮ್ಯಾಲ ಐತಿ. ನನ್ನ ಏಜೆನ್ಸಿ ಹೋಗತೈತ್ರಿ.” ಅಲ್ಲಿಯತನಕ ಅಂಗಡಿಯಲ್ಲಿ ಅಂಜುವವಳು ನಾನೊಬ್ಬಳೇ ಇದ್ದೆ, ಈಗ ಇಬ್ಬರಾದೆವು. ಸುಳ್ಳೇಕೆ ಹೇಳಲಿ, ಜೊತೆ ಸಿಕ್ಕಿತೆಂದು ಒಂದು ಕ್ಷಣ ಸಮಾಧಾನವಾಯಿತು.

ಅವರು ಕಂಪ್ಯೂಟರ್ ಕುಟ್ಟಿ ನೋಡಿದರು. ಡಬ್ಬಿ ವಿಜಯಪುರದ ಆಫೀಸಿನಲ್ಲಿ ಕೂತಿತ್ತು. ಫೋನು ಮಾಡಿದರು. ಆ ಕಡೆಯವರ ದನಿ ನನಗೂ ಕೇಳುತ್ತಿತ್ತು.

“ಆ ಹೆಡ್‌ಮಾಸ್ತರದ್ದೇನ್ರಿ? ತಗದು ಬಾಜೂಕ ಇಟ್ಟೀವಿ. ಅವರ ಪತ್ರ ನೀರು ಬಿಡಾಕ ಹತ್ತಾವು.”

ಸಾಹೇಬರು ನನ್ನ ಮುಖ ನೋಡಿದರು, ನಾನು ಬೋರ್ಡಿನ ಮುಖ ನೋಡಿದೆ. “ತಪ್ಪು ನಮ್ಮದೈತಿ, ಬಿಚ್ಚಬ್ಯಾಡ್ರಿ, ಹೊಳ್ಳಿ ಕಳಸ್ರಿ” ಎಂದು ಅವರು ಕೈಮುಗಿದು ಹೇಳಿದರು. ಫೋನಿನಲ್ಲಿ ಕೈಮುಗಿದರೆ ಕಾಣುವುದಿಲ್ಲ, ಆದರೂ ನಾನೂ ಮುಗಿದೆ. ಮನೆಗೆ ಬರುವಾಗ ಒಂದು ಬೆರಳು ಮಡಚಿದೆ: ಗಿಡ ಇನ್ನೂ ಗಡಿ ದಾಟಿಲ್ಲ.

ಸಂಜೆ ನಮ್ಮ ಮನೆಯವರು ಸಾಲೆಯಿಂದ ಬಂದಾಗ ಚಹಾ ಕೊಟ್ಟು, ಬಾಗಿಲ ಹತ್ತಿರ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದರು.

“ಮೂವತ್ತು ವರ್ಷ ಆತು, ನನ್ನ ಪತ್ರ ಎಂದೂ ನೀರು ಬಿಟ್ಟಿದ್ದಿಲ್ಲ” ಅಂದರು. ಖಾಲಿ ಬಸಿ ಕೆಳಗಿಟ್ಟು, “ಅಲ್ಲ, ನಿನ್ನ ಹೆಸರು ಹೇಳಾಕ ಏನಾಗಿತ್ತು? ನನ್ನ ಹೆಸರು ಹೇಳಂಗಿಲ್ಲ, ಖರೆ. ನಿನ್ನ ಹೆಸರೂ ಹೇಳಂಗಿಲ್ಲೇನು?” ಅಂದರು.

ಕಾಯ್ದೆ ಏನಿದೆಯೆಂದು ಸರಿಯಾಗಿ ಕೇಳಿಬಿಡೋಣವೆಂದು ಅವರು ತಮ್ಮ ಹಳೆಯ ವಿದ್ಯಾರ್ಥಿನಿ ಸವಿತಾಗೆ ಫೋನು ಮಾಡಿದರು. ಆಕೆ ಹುನಗುಂದದಲ್ಲಿ ತೋಟಗಾರಿಕೆ ಇಲಾಖೆಯ ಅಧಿಕಾರಿ. “ರವಿವಾರ ಮನಿಗೇ ಬರ್ತೇನ್ರಿ ಸರ್” ಅಂದಳಂತೆ. ಅಧಿಕಾರಿ ಮನೆಗೇ ಬರುವುದೆಂದರೆ ಏನರ್ಥ? ರವಿವಾರದವರೆಗೆ ನನ್ನ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ.

ಶನಿವಾರ ಡಬ್ಬಿ ಹೊಳ್ಳಿ ಮನೆಗೆ ಬಂತು. ರಟ್ಟು ಮೆತ್ತಗಾಗಿತ್ತು, ಎರಡು ಎಲೆ ಉದುರಿದ್ದವು, ಸಸಿ ಜೀವ ಹಿಡಿದಿತ್ತು. ರವಿವಾರ ಸವಿತಾ ಬಂದಳು. ಹುಡುಗಿ ನಗುಮುಖದವಳು, ಆದರೆ ಕೈಯಲ್ಲಿ ಫೈಲು ಇತ್ತು. ನಾನು ಹಿತ್ತಲ ಬಾಳೆಯ ಹಣ್ಣು ಹಿಚುಕಿ, ಹಾಲು, ಬೆಲ್ಲ, ಏಲಕ್ಕಿ ಹಾಕಿ ಸೀಕರಣಿ ಮಾಡಿದ್ದೆ. ಬಟ್ಟಲು ಅವಳ ಮುಂದಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ಅಂಜಬ್ಯಾಡ್ರಿ ಅಕ್ಕಾರ” ಅಂದಳು. “ನಂಗ ಗೊತ್ತಿದ್ದಂಗ ಸರ್ಟಿಫಿಕೇಟ್ ಬೇಕಾದ ಗಿಡದ ಯಾದಿಯೊಳಗ ಪತ್ರಿಗಿಡ ಇಲ್ಲ. ರೋಗ ಹತ್ತಿದ ಕಡೆಯಿಂದ ಕೆಲವು ಗಿಡ ದಾಟಬಾರ್ದು ಅಂತ ಐತಿ, ಅಷ್ಟ. ಆದ್ರ ಮಣ್ಣಿನ ಜೋಡಿ ಹುಳ ಹೋಗತಾವ್ರಿ. ಬೇರು ತೊಳದು, ನಮ್ಮ ಆಫೀಸಿನ್ಯಾಗ ತೋರಿಸಿ ಒಂದು ಕಾಗದ ತಗೊಂಡು, ಗಿಡ ಒಯ್ಯೂ ಕೊರಿಯರ್‌ನವ್ರ ಕಡೆ ‘ಗಿಡ’ ಅಂತ ಬರದು ಕಳಸ್ರಿ. ಯಾರೂ ಏನೂ ಅನ್ನಂಗಿಲ್ಲ.”

ಎರಡನೆಯ ಬೆರಳು ಮಡಚಿದೆ. ಉಸಿರು ಬಿಡಬೇಕು, ಅಷ್ಟರಲ್ಲಿ ಅವಳು ಚಮಚ ನೆಕ್ಕಿ ಮುಂದುವರಿಸಿದಳು: “ಬಾಳಿ ಮಾತ್ರ ಬ್ಯಾರೆ ನೋಡ್ರಿ. ಮಹಾರಾಷ್ಟ್ರದ ಕಡೆ ಬಾಳಿಗೆ ಎಲಿ ರೋಗ ಐತಿ ಅಂತ, ಅಲ್ಲಿಂದ ಕಂದು ತರಬೇಕಂದ್ರ ಸರ್ಟಿಫಿಕೇಟ್ ಬೇಕಽ ಬೇಕು. ಹಣ್ಣಿಗೆ ಏನೂ ಇಲ್ಲ, ಕಂದಿಗೆ ಐತಿ. ಮಂದಿ ಬಸ್ಸಿನ್ಯಾಗ ಹಂಗಽ ತಗೊಂಡು ಬಂದುಬಿಡ್ತಾರ.” ಮತ್ತೊಂದು ಚಮಚ ಬಾಯಿಗೆ ಹೋಯಿತು. “ಸೀಕರಣಿ ಭಾಳ ರುಚಿ ಆಗೇತ್ರಿ. ಹಣ್ಣು ಎಲ್ಲೀದ್ರಿ?”

ನಮ್ಮ ಮನೆಯವರು ನನ್ನ ಕಡೆ ನೋಡಿದರು. ಸುಳ್ಳು ಹೇಳುವವರಲ್ಲ, ನನ್ನನ್ನು ಹಿಡಿದುಕೊಡುವವರೂ ಅಲ್ಲ, ಪಾಪ, ಮೀಸೆ ಒರೆಸಿಕೊಳ್ಳುತ್ತ ಕೂತರು. ಪತ್ರಿಗೆ ನಾನು ಅಂಜಿ ಸತ್ತಿದ್ದೆ. ಅದು ಗುನ್ಹೆಯೇ ಅಲ್ಲ. ಗುನ್ಹೆಯನ್ನು ಸೀರೆಯಲ್ಲಿ ಸುತ್ತಿ, ತಟ್ಟಿ ಮಲಗಿಸಿ, ಗಡಿ ದಾಟಿಸಿ, ಸಾಕಿ, ಅದರ ಮಕ್ಕಳನ್ನು ಓಣಿಗೆಲ್ಲ ಹಂಚಿ ಆರೇಳು ವರ್ಷ ನಿಶ್ಚಿಂತೆಯಿಂದ ಕೂತಿದ್ದೆ.

“ಸೊಲ್ಲಾಪುರದ್ದವಾ” ಅಂದೆ. “ನಾನಽ ತಂದೇನಿ. ಬಸ್ಸಿನ್ಯಾಗ. ಇವರದೇನೂ ತಪ್ಪಿಲ್ಲ.”

ಸವಿತಾ ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ನಡೆದಳು. ಒಂದೊಂದೇ ಎಲೆ ಬಗ್ಗಿಸಿ, ಬೆಳಕಿಗೆ ಹಿಡಿದು, ಹಿಂದೆಮುಂದೆ ನೋಡಿದಳು. ಹಳದಿ ಗೆರೆ ಇದೆಯೇ ಎಂದು ಹುಡುಕುತ್ತಿದ್ದಳಂತೆ. ಎಷ್ಟು ಹೊತ್ತೋ ತಿಳಿಯದು, ನನ್ನ ಬಾಯಿಂದ ಬಸವಾ ಬಸವಾ ಎಂಬುದು ಬಿಟ್ಟು ಬೇರೆ ಬರಲಿಲ್ಲ.

“ಗಿಡ ಸ್ವಚ್ಛ ಐತ್ರಿ” ಅಂದಳು ಕೈ ಝಾಡಿಸುತ್ತ. “ಆದ್ರ ನಾ ಇನ್ನೊಂದೆರಡು ಸಲ ಬಂದು ನೋಡೂತನಕ ಕಂದು ಯಾರಿಗೂ ಕೊಡಬ್ಯಾಡ್ರಿ. ಕೊಟ್ಟವ್ರ ಹೆಸರು ಬರದು ಕೊಡ್ರಿ, ಅವನ್ನೂ ನೋಡತೇನಿ.” ಗೇಟಿನ ತನಕ ಹೋದವಳು ತಿರುಗಿ ನಿಂತಳು. “ಸೀಕರಣಿ ತಿಂದ ಮ್ಯಾಲ ಒಂದು ಕಂದು ಕೇಳೂಣು ಅಂತ ಮಾಡಿದ್ದೆ. ನೀವು ಯಾಕರ ಖರೆ ಹೇಳಿದ್ರಿ ಅಕ್ಕಾರ.”

ಯಾದಿ ಬರೆದೆ. ಮೊದಲ ಹೆಸರು ಗಿರಿಜಕ್ಕನದೇ. ಗುಂಪಿನಲ್ಲಿ ಅಂಥವರು ಯಾರೂ ಇಲ್ಲ ಬಿಡ್ರಿ ಅಂದವರು. ಅವರಿಗೆ ಹೇಗೆ ತಿಳಿಸುವುದೆಂದು ಇನ್ನೂ ಧೈರ್ಯ ಬಂದಿಲ್ಲ. ಶಕುಂತಲಾಬಾಯಿ ಮಾತ್ರ ನಕ್ಕು, “ಗಿಡ ಸಾವಕಾಶ ಕಾಗದ ಮಾಡಿಸ್ಕೊಂಡು ಬರ್ಲಿ ಅಕ್ಕಾ, ಕುಂಡ ಎಲ್ಲಿ ಹೋಗತೈತಿ” ಅಂದರು. ಆದರೂ ವಿಭೂತಿ ಹಚ್ಚಿದ ಖಾಲಿ ಕುಂಡ ನೆನೆದು ನನಗೆ ಸಂಕಟವಾಯಿತು. ಗಿಡ ಹೋಗುವ ತನಕ ಬಾಯಿಗಾದರೂ ಏನಾದರೂ ಹೋಗಲೆಂದು, ಅವತ್ತು ಕೇರಿ ಬಿಟ್ಟಿದ್ದ ಶೇಂಗಾಕ್ಕೆ ಖಾರ ಹಾಕಿ ಕುಟ್ಟಿ, ನಮ್ಮ ಕಡೆ ಹಿಂಡಿ ಅನ್ನುವ ಚಟ್ನಿಪುಡಿ ಮಾಡಿ ಡಬ್ಬಿ ತುಂಬಿದೆ. ಈ ಸಲ ಎಲ್ಲ ಚೊಕ್ಕ ಮಾಡಬೇಕೆಂದು ಚಾಳೀಸು ಹಾಕಿಕೊಂಡು, ದಪ್ಪ ಅಕ್ಷರದಲ್ಲಿ ನಾನೇ ಚೀಟಿ ಬರೆದು ಅಂಟಿಸಿದೆ. ಕಳಿಸುವವರು: ನೀಲಮ್ಮ. ಒಳಗಿನ ವಸ್ತು: ಶೇಂಗಾ ಹಿಂಡಿ. ಒಂದು ಗುಡಿಸೂ ಬಿಡಲಿಲ್ಲ. ಮದುವೆಯಾದ ಮೇಲೆ ನನ್ನ ಹೆಸರನ್ನು ನಾನು ಇಷ್ಟು ದೊಡ್ಡದಾಗಿ ಬರೆದದ್ದು ಇದೇ ಮೊದಲು.

ನಮ್ಮ ಮನೆಯವರು ಪೇಪರು ಮಡಚಿ, ಡಬ್ಬಿ ತಿರುಗಿಸಿ ಓದಿದರು.

“ಹೆಸರು ಬರೋಬ್ಬರಿ ಐತಿ” ಅಂದರು. “ಆದ್ರ ಹಿಂಡಿ ಅಂದ್ರ ಎಣ್ಣಿ ತಗದು ಉಳದದ್ದು, ದನಕ್ಕ ಹಾಕೂ ಹಿಂಡಿ ಅನ್ಕೊಂಡ್ರ? ಮೆಹಬೂಬಸಾಹೇಬ್ರು ಈ ಸಲ ಪಶುವೈದ್ಯರ ಕಾಗದ ಕೇಳ್ಯಾರು.”

ನಗಬೇಕೋ ಅಂಜಬೇಕೋ ತಿಳಿಯದೆ ಎರಡನ್ನೂ ಸ್ವಲ್ಪಸ್ವಲ್ಪ ಮಾಡಿದೆ. ಆಮೇಲೆ ಚೀಟಿಯ ಅಂಚು ಉಗುರಿನಿಂದ ಎಬ್ಬಿಸಿ, ನನ್ನ ಹೆಸರು ಹರಿಯದಂತೆ ಮೆಲ್ಲಗೆ ಬಿಡಿಸಿ, ಒಳಗಿನ ವಸ್ತುವಿಗೆ ಬೇರೆ ಮಾತು ಹೊಳೆಯುವ ತನಕ ಕಿಟಕಿಗೆ ಅಂಟಿಸಿ, ರಾತ್ರಿಯ ಸಾರಿಗೆ ಬೆಳ್ಳುಳ್ಳಿ ಸುಲಿಯಲು ಕೂತೆ.